ಬುಟ್ಟಿಗಳ ಮೇಲಿನ ಬಾವಿಗಳು

ಮೆಂತ್ಯ ನೆನೆಯುವ ವಾಸನೆ ಬಂದರೆ ನಿಮಗೆ ಅಡುಗೆಮನೆ ನೆನಪಾಗಬಹುದು. ನನಗೆ ಕಾಗದ ನೆನಪಾಗುತ್ತದೆ. ಕೊಪ್ಪಳದ ಕಡೆಯವರಲ್ಲದ ಓದುಗ ಮಿತ್ರರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬೇಡವಾದ ಕಾಗದವನ್ನು ಯಾರೂ ಬೀದಿಗೆ ಎಸೆಯುವುದಿಲ್ಲ. ಬೇಸಿಗೆ ಬಂತೆಂದರೆ ಮನೆಯ ಹೆಂಗಸರು ವರ್ಷವಿಡೀ ಕೂಡಿಟ್ಟ ರದ್ದಿಯನ್ನು ಹರಿದು ನೀರಿನ ಗುಡಾಣದಲ್ಲಿ ನೆನೆಹಾಕುತ್ತಾರೆ. ಅದು ಮೆತ್ತಗಾದ ಮೇಲೆ ನೆನೆದ ಮೆಂತ್ಯ ಕೂಡಿಸಿ ಒರಳಿನಲ್ಲಿ ಕುಟ್ಟುತ್ತಾರೆ. ಬೆಣ್ಣೆಯಂತಾದ ಆ ಮುದ್ದೆಯನ್ನು ಬೋರಲು ಹಾಕಿದ ಕೊಡದ ಮೇಲೆ ತಟ್ಟಿ ಬಿಸಿಲಿಗೆ ಇಡುತ್ತಾರೆ. ಒಣಗಿ ಕೊಡದಿಂದ ಬಿಟ್ಟುಕೊಂಡಾಗ ಅದು ಬುಟ್ಟಿ. ಹೊರಮೈಗೆ ಹುಣಸೆಬೀಜದ ಅಂಟು ಸವರಿ ಇಡೀ ಹಾಳೆಗಳ ಒಂದು ಪದರ ಹೊದಿಸಿದರೆ ಅದಕ್ಕೆ ಗಟ್ಟಿತನವೂ ಬಂತು, ಅಂದವೂ ಬಂತು. ಮೆಂತ್ಯದ ಕಹಿಗೆ ಹೆದರಿ ಹುಳಹುಪ್ಪಡಿ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಬೀಜದ ಕಾಳಿಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆಯಿಲ್ಲ.

ಇದರ ಹಿಂದೆ ಜುಗ್ಗತನ ಮಾತ್ರವಿದೆ ಎಂದು ಎಣಿಸಬೇಡಿ. ಅಕ್ಷರ ಮೂಡಿದ ಕಾಗದ ಸರಸ್ವತಿ. ಅದನ್ನು ತುಳಿಯಬಾರದು, ಒಲೆಗೆ ಒಡ್ಡಬಾರದು. ಹಾಗೆಂದು ಎಷ್ಟು ದಿನ ಕಟ್ಟಿಡುವುದು? ಕಾಳು ತುಂಬುವ ಬುಟ್ಟಿಯಾಗಿ ಮಾಡಿದರೆ ಅದಕ್ಕೆ ಮರ್ಯಾದೆಯೂ ಉಳಿಯಿತು, ಕೆಲಸವೂ ಸಿಕ್ಕಿತು. ಓದಿಸಿಕೊಂಡು ದಣಿದ ಸರಸ್ವತಿ ಅನ್ನಪೂರ್ಣೆಯ ಮನೆಗೆ ಹೋಗಿ ಕೂತಂತೆ. ಈ ಏರ್ಪಾಟಿನಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ, ಧಾರವಾಡದಿಂದ ಆ ಪತ್ರ ಬರುವವರೆಗೆ.

ಪತ್ರ ಬಂದದ್ದು ನನ್ನ ದೊಡ್ಡಪ್ಪನ ಕಾಗದಪತ್ರಗಳನ್ನು ಕೇಳಿ. ದೊಡ್ಡಪ್ಪ ಕೊಪ್ಪಳದ ಸಾಲೆಯಲ್ಲಿ ಮಾಸ್ತರರಾಗಿದ್ದರು. ನಿಜಾಮರ ಸೀಮೆಯಲ್ಲವೇ, ಹಗಲು ಪಾಠವೆಲ್ಲ ಉರ್ದುವಿನಲ್ಲಿ. ಸಂಜೆ ನಮ್ಮ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಕನ್ನಡ ಅಕ್ಷರ. ನಾನು ಹೈದರಾಬಾದಿನಲ್ಲಿ ಬಿ.ಎ. ಓದಿದ್ದು ಉರ್ದುವಿನ ಬಲದಿಂದ, ಇದನ್ನು ನಿಮಗೆ ಬರೆಯುತ್ತಿರುವುದು ಆ ಪಡಸಾಲೆಯ ಬಲದಿಂದ. ರಜೆ ಸಿಕ್ಕಿತೆಂದರೆ ದೊಡ್ಡಪ್ಪ ಕೊಡೆ ಹಿಡಿದು ಬಾವಿಗಳನ್ನು ನೋಡಲು ಹೊರಡುತ್ತಿದ್ದರು. ಗಂಗಾವತಿಯ ಗದ್ದೆಗಳ ಅಂಚು ಬಿಟ್ಟರೆ ನಮ್ಮದು ಮಳೆಯ ಮುಖ ನೋಡುವ ನೆಲ. ಕುಷ್ಟಗಿ, ಯಲಬುರ್ಗಿ, ಕುಕನೂರು ಎಲ್ಲಿ ಹೋದರೂ ಊರೆಂದರೆ ಮೊದಲು ಬಾವಿ, ಆಮೇಲೆ ಮನೆಗಳು. ಯಾವ ಬಾವಿಯನ್ನು ಯಾರು ತೋಡಿದರು, ಯಾವುದರ ನೀರಿಗೆ ಬೇಳೆ ಬೇಯುತ್ತದೆ, ಯಾವುದರ ನೀರು ಬಾಣಂತಿಗೆ ಆಗದು, ಯಾವ ಕಟ್ಟೆಯ ಮೇಲೆ ಯಾವ ಜಗಳ ಹುಟ್ಟಿ ಯಾವ ಮದುವೆಯಲ್ಲಿ ಮುಗಿಯಿತು, ಇವನ್ನೆಲ್ಲ ಕೇಳಿ ಬರೆದುಕೊಳ್ಳುವುದು ಅವರ ಹುಚ್ಚು. ಅದರ ಕೆಲವು ಕಂತುಗಳು ಧಾರವಾಡದ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಗಿ ಮೆಚ್ಚುಗೆ ಪಡೆದಿದ್ದವು. ಪುಸ್ತಕವಾಗುವ ಮೊದಲೇ ದೊಡ್ಡಪ್ಪ ತೀರಿಕೊಂಡರು.

ಈಗ ಅಲ್ಲಿಯ ಗ್ರಂಥಭಂಡಾರವೊಂದರಲ್ಲಿ ಲೇಖಕರ ಕೈಬರಹ, ಟಿಪ್ಪಣಿ, ಪತ್ರಗಳನ್ನು ಕಾಪಿಡಲು ಕೋಣೆಯೊಂದನ್ನು ತೆರೆದಿದ್ದರು. ಬಾವಿಗಳ ಪುಸ್ತಕದ ಹಸ್ತಪ್ರತಿ ಇದ್ದರೆ ಕೊಡುವಿರಾ ಎಂಬುದು ಪತ್ರದ ಒಕ್ಕಣೆ. ಓದಿ ಹೇಳಿದಾಗ ದೊಡ್ಡವ್ವನ ಮುಖ ಅರಳಿತು. ದೇವರ ಕೋಣೆಯಿಂದ ಟ್ರಂಕನ್ನು ತಾನೇ ಎಳೆದು ತಂದಳು. ಒಳಗೆ ರೇಷ್ಮೆ ವಸ್ತ್ರದಲ್ಲಿ ಸುತ್ತಿದ, ರಟ್ಟಿನ ಕಟ್ಟು ಹಾಕಿದ ಚೆಂದದ ವಹಿಗಳು. ಒಂದೊಂದರ ಮೇಲೂ ವಿಭೂತಿಯ ಬೆರಳುಗಳು. ಮೊದಲನೆಯದನ್ನು ತೆರೆದೆ. ಮೇಲೆ ‘ಶ್ರೀ’, ಕೆಳಗೆ ಪುಸ್ತಕದ ಹೆಸರು, ಅದರ ಕೆಳಗೆ ಏನೂ ಇಲ್ಲ. ಉಳಿದವುಗಳಲ್ಲಿ ಶ್ರೀಯೂ ಇರಲಿಲ್ಲ.

“ಇವು ಖಾಲಿ ಅದಾವಲ್ಲ ದೊಡ್ಡವ್ವ. ಬರದಿದ್ದು ಎಲ್ಲೈತಿ?”

“ಖಾಲಿ ಹೆಂಗ ಇದ್ದಾವು? ಅವರು ಎಷ್ಟು ಜ್ವಾಕಿಲೆ ಇಟ್ಟಿದ್ರು ಇವನ್ನ. ದಿನಾ ವಿಭೂತಿ ಹಚ್ಚೀನಿ ನಾನು.”

“ಉರ್ದು ಅಚ್ಚಾದ ಹಾಳಿ ಮ್ಯಾಲ ಬರೀತಿದ್ರಲ್ಲ, ಅವು?”

“ಅವಾ? ಅವು ಸಾಲಿ ರದ್ದಿ ತಂಗಿ. ಬುಟ್ಟಿ ಮಾಡೀನಿ.”

ಹೇಳಿದ್ದು ದೊಡ್ಡವ್ವನೇ, ಕೇಳಿಸಿಕೊಂಡವಳೂ ದೊಡ್ಡವ್ವನೇ. ನಾನು ಏನೂ ಅನ್ನುವ ಮೊದಲೇ ಅವಳ ಕೈ ಟ್ರಂಕಿನ ಅಂಚನ್ನು ಹಿಡಿಯಿತು.

ನಡೆದದ್ದು ಇಷ್ಟು. ಮಹಾಯುದ್ಧದ ದಿನಗಳಲ್ಲಿ ಕಾಗದ ದುರ್ಲಭವಾಗಿತ್ತು. ದೊಡ್ಡಪ್ಪ ತಮ್ಮಲ್ಲಿದ್ದ ಒಳ್ಳೆಯ ವಹಿಗಳನ್ನು ಕೊನೆಯ ಶುದ್ಧಪ್ರತಿಗೆಂದು ಮುಟ್ಟದೆ ತೆಗೆದಿಟ್ಟು, ಕರಡನ್ನೆಲ್ಲ ಸಾಲೆಗೆ ಬರುತ್ತಿದ್ದ ಸುತ್ತೋಲೆಗಳ ಬೆನ್ನಿನ ಮೇಲೆ ಬರೆದರು. ಒಂದು ಮಗ್ಗುಲಲ್ಲಿ ಬಲದಿಂದ ಎಡಕ್ಕೆ ಸರಕಾರ, ಇನ್ನೊಂದರಲ್ಲಿ ಎಡದಿಂದ ಬಲಕ್ಕೆ ಬಾವಿ. ಊರಿಗೆಲ್ಲ ಅಕ್ಷರ ಹಂಚಿದವರು ಹೆಂಡತಿಗೆ ಕಲಿಸಿರಲಿಲ್ಲ. ಅವಳು ಕೇಳಲೂ ಇಲ್ಲ, ಅವರಿಗೆ ತೋಚಲೂ ಇಲ್ಲ. ಅವರು ಹೋದ ಮೇಲೆ ದೊಡ್ಡವ್ವ ತನಗೆ ತಿಳಿದ ರೀತಿಯಲ್ಲಿ ಅವರ ವಿದ್ಯೆಯನ್ನು ಕಾಪಾಡಿದಳು. ಬೆಲೆಯುಳ್ಳದ್ದೆಂದು ಕಂಡದ್ದನ್ನು ದೇವರ ಕೋಣೆಗೆ ಸೇರಿಸಿದಳು, ಸಾಲೆಯ ಹಳೆಯ ಕಾಗದವನ್ನು ಬೇಸಿಗೆ ಬೇಸಿಗೆಗೆ ನೆನೆಹಾಕಿ ಬುಟ್ಟಿ ಮಾಡಿ ಬಂಧುಬಳಗಕ್ಕೆ ಹಂಚಿದಳು. ಹೀಗೆ ನಮ್ಮ ಮನೆಯಲ್ಲಿ ಬರೆಯದ ಪುಸ್ತಕಕ್ಕೆ ಪೂಜೆ ನಡೆಯಿತು, ಬರೆದ ಪುಸ್ತಕದಲ್ಲಿ ಹೆಸರುಕಾಳು ಬೆಚ್ಚಗೆ ಕೂತಿತು.

ನಗು ಬಂದರೆ ನಕ್ಕುಬಿಡಿ, ನಾನೂ ಈಗ ನಗುತ್ತೇನೆ. ಅಂದು ನಗಲಾಗಲಿಲ್ಲ. ದೊಡ್ಡವ್ವ ಅಂದಿನಿಂದ ಪಡಸಾಲೆಗೆ ಬರುವುದನ್ನು ಬಿಟ್ಟಳು. ಒರಳಿನ ಮೇಲೆ ಗೋಣಿತಟ್ಟು ಹೊದಿಸಿದಳು. ಕಿರಾಣಿ ಪೊಟ್ಟಣದ ಕಾಗದವನ್ನೂ ಮುಟ್ಟದೆ, ಬೇಳೆಯನ್ನು ಸೆರಗಿನಲ್ಲಿ ಸುರಿದುಕೊಳ್ಳತೊಡಗಿದಳು. ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಅಂದಳು: “ನಿಮ್ಮ ದೊಡ್ಡಪ್ಪ ಒಂದ ಸಲ ಸತ್ತಿದ್ರು. ಎರಡನೇ ಸಲ ನಾ ಒರಳಾಗ ಹಾಕಿ ಕುಟ್ಟೀನಿ.”

ಸಮಾಧಾನದ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಅತ್ತವರ ಬೆನ್ನು ಸವರುವುದಕ್ಕಿಂತ ಅವರ ಕಳೆದ ವಸ್ತುವನ್ನು ಹುಡುಕಿಕೊಡುವುದೇ ನನಗೆ ಸಲೀಸು. ನಾಗಂದಿಗೆಯ ಮೇಲಿದ್ದ ಒಂದು ಬುಟ್ಟಿಯನ್ನು ಇಳಿಸಿ ಬೆಳಕಿಗೆ ಹಿಡಿದೆ. ಹೊರಮೈ ತುಂಬ ದೊಡ್ಡಪ್ಪನ ಕೈಬರಹ ಸ್ಪಷ್ಟವಾಗಿ ಕಾಣುತ್ತಿತ್ತು. ಕುಟ್ಟಿದ್ದು ಹೋಯಿತು ನಿಜ, ಅಂಟಿಸಿದ್ದು ಉಳಿದಿತ್ತು. ಎಷ್ಟು ಉಳಿದಿದೆ, ಯಾವುದು ಉಳಿದಿದೆ ಎಂದು ತಿಳಿಯುವವರೆಗೆ ದೊಡ್ಡವ್ವನ ತಲೆಯ ಮೇಲಿನ ಆ ಆರೋಪವನ್ನು ಒಪ್ಪಲು ನಾನು ಸಿದ್ಧಳಿರಲಿಲ್ಲ. ಧಾರವಾಡಕ್ಕೆ ಒಂದು ಸಾಲು ಬರೆದೆ: ಹಸ್ತಪ್ರತಿ ಇದೆ, ಆದರೆ ಅದನ್ನು ಒಟ್ಟುಗೂಡಿಸಲು ಸ್ವಲ್ಪ ಸಮಯ ಬೇಕು.

ಬುಟ್ಟಿಗಳು ಹೋದ ದಿಕ್ಕುಗಳೆಲ್ಲ ದೊಡ್ಡವ್ವನಿಗೆ ನೆನಪಿದ್ದವು. ಸೀಮಂತಕ್ಕೆ ಗಂಗಾವತಿಗೆ, ಗೃಹಪ್ರವೇಶಕ್ಕೆ ಕುಷ್ಟಗಿಗೆ, ಸುಮ್ಮನೆ ಪ್ರೀತಿಗೆ ಕಿನ್ನಾಳಕ್ಕೆ. ನಾನು ಬಂಡಿ ಏರಿದೆ, ಸಿಕ್ಕಲ್ಲಿ ಮೋಟಾರು ಹಿಡಿದೆ. ಹಸ್ತಪ್ರತಿಗಳ ಶೋಧನೆ ಎಂದರೆ ಮಠದ ಕಪಾಟು, ತಾಳೆಗರಿ, ಪಂಡಿತರ ಗಾಂಭೀರ್ಯ ಎಂದು ನಾನು ತಿಳಿದಿದ್ದೆ. ನನ್ನ ಪಾಲಿಗೆ ಅದು ಉಗ್ರಾಣದ ಮೂಲೆ, ಮೆಣಸಿನಕಾಯಿಯ ಸೀನು ಮತ್ತು “ಮೊದಲ ಉಂಡು ಆಮ್ಯಾಲ ಓದ್ರಿ” ಎಂಬ ಅಪ್ಪಣೆಯಾಯಿತು. ಗಂಗಾವತಿಯ ಮನೆಯಲ್ಲಿ ಬುಟ್ಟಿಯಿಂದ ಅಕ್ಕಿ ಸುರಿದು ಬೋರಲು ಹಾಕಿ, ನವಲಿಯ ಹಾದಿಯ ಒಂದು ಊರಿನ ಬಾವಿಯ ಕಥೆಯನ್ನು ಗಟ್ಟಿಯಾಗಿ ಓದಿದೆ. ಆ ಮನೆಯ ಸೊಸೆ ಅದೇ ಊರಿನವಳು. “ಅಯ್ಯ, ಇದು ನಮ್ಮ ಬಾವಿರೀ! ಇಷ್ಟು ದಿನ ನಮ್ಮೂರ ಬಾವಿ ಮ್ಯಾಲ ಕೈ ಇಟ್ಟು ಅಕ್ಕಿ ತಗದೀನಿ, ಗೊತ್ತಾ ಇಲ್ಲ ನೋಡ್ರಿ” ಎಂದು ಅವಳು ಬೆರಗಾದಳು. ಬುಟ್ಟಿ ಕೊಟ್ಟುಬಿಟ್ಟಳು. ಸುದ್ದಿ ನನಗಿಂತ ವೇಗವಾಗಿ ಓಡಿತು. ಕೊಪ್ಪಳದ ಸಂತೆಗೆ ಬರುವ ಹೆಂಗಸರು ಖಾಲಿ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ನಮ್ಮ ಮನೆಗೆ ಬರತೊಡಗಿದರು. ಒಬ್ಬೊಬ್ಬಳೂ ತನ್ನ ಬುಟ್ಟಿಯ ಮೇಲೆ ಏನಿದೆಯೆಂದು ಓದಿಸಿಕೊಂಡೇ ಹೋಗುವವಳು. ಬಾವಿಗಳು ತಾವೇ ನಡೆದು ಮನೆಗೆ ಬಂದವು.

ಓದಿ, ದೊಡ್ಡಪ್ಪನ ಖಾಲಿ ವಹಿಗಳಲ್ಲಿ ನಕಲು ಮಾಡಿ, ಪತ್ರಿಕೆಯ ಅಚ್ಚಾದ ಕಂತುಗಳ ಪಕ್ಕಕ್ಕಿಟ್ಟು ನೋಡುವಾಗ ನನಗೆ ಒಂದು ವಿಚಿತ್ರ ಕಂಡಿತು. ಬುಟ್ಟಿಗಳ ಮೇಲಿದ್ದವು ಬಹುತೇಕ ಹೊಡೆದು ತಿದ್ದಿದ ಹಾಳೆಗಳು. ಒಂದು ಸಾಲು ಹೊಡೆದು ಅಲ್ಲಿಂದ ಗೆರೆಯೆಳೆದು ಅಂಚಿನಲ್ಲಿ ಹೊಸ ಸಾಲು, ಅದನ್ನೂ ಹೊಡೆದು ಮತ್ತೊಂದು ಗೆರೆ, ಮತ್ತೊಂದು ಮೂಲೆ. ಅಚ್ಚುಕಟ್ಟಾದ ಹಾಳೆ ಒಂದೂ ಇಲ್ಲವೆನ್ನುವಷ್ಟು ಕಡಿಮೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ದೊಡ್ಡವ್ವನನ್ನು ಕೇಳಿದೆ, ಯಾವುದನ್ನು ಕುಟ್ಟಬೇಕು ಯಾವುದನ್ನು ಅಂಟಿಸಬೇಕು ಎಂದು ಹೇಗೆ ಆರಿಸಿದೆ?

“ಅದರಾಗೇನೈತಿ? ಸಪ್ಪನ ಹಾಳಿ ಕುಟ್ಟಿದೆ. ಬಳ್ಳಿ ಬಿಟ್ಟಂಗ ಬರದಿದ್ದು ಚಂದ ಕಾಣತಿತ್ತು, ಅದನ್ನ ಮ್ಯಾಲ ಹಚ್ಚಿದೆ.”

ನಾನು ವಹಿಗಳನ್ನೂ ಅಚ್ಚಾದ ಕಂತುಗಳನ್ನೂ ಮತ್ತೆ ಎದುರಿಗೆ ಹರವಿಕೊಂಡೆ. ಸಪ್ಪನೆಯ ಹಾಳೆಗಳೆಂದರೆ ಪತ್ರಿಕೆಗೆ ಕಳಿಸಿದ ಕಂತುಗಳ ನಕಲು. ಅವು ಅಚ್ಚಿನಲ್ಲಿ ಸುಖವಾಗಿದ್ದವು. ಬಳ್ಳಿ ಬಿಟ್ಟ ಹಾಳೆಗಳೆಂದರೆ ದೊಡ್ಡಪ್ಪ ಆಮೇಲೆ ಮತ್ತೆ ಮತ್ತೆ ತಿರುಗಾಡಿ, ಸಂಶಯಪಟ್ಟು, ಬದಲಿಸಿ ಬರೆದವು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದವು. ಅಚ್ಚಾದ ಪುಸ್ತಕದಲ್ಲಿ ಲೇಖಕ ಸ್ನಾನ ಮಾಡಿ, ರುಮಾಲು ಸುತ್ತಿ, ಅತಿಥಿಗಳೆದುರು ಬಂದು ಕೂತಿರುತ್ತಾನೆ. ಕರಡಿನಲ್ಲಿ ಅವನು ಮನೆಯವರಿಗೆ ಕಾಣುವಂತೆ ಕಾಣುತ್ತಾನೆ: ತಲೆ ಕೆರೆದುಕೊಳ್ಳುತ್ತಾನೆ, ಆಡಿದ ಮಾತು ನುಂಗುತ್ತಾನೆ, ಬಾಗಿಲವರೆಗೆ ಹೋಗಿ ಹಿಂದಿರುಗುತ್ತಾನೆ. ಕಾಗದಪತ್ರಗಳನ್ನು ಕಾಪಿಡುವುದೆಂದರೆ ಸತ್ತವರ ಪ್ರತಿಷ್ಠೆಯನ್ನು ಪೆಟ್ಟಿಗೆಯಲ್ಲಿಡುವುದೆಂದು ನಾನು ತಿಳಿದಿದ್ದೆ. ಅಲ್ಲ, ಕಾಪಿಡಬೇಕಾದದ್ದು ಅವರ ಅನುಮಾನಗಳನ್ನು. ಪ್ರತಿಷ್ಠೆ ತನ್ನನ್ನು ತಾನೇ ಹೇಗೋ ನೋಡಿಕೊಳ್ಳುತ್ತದೆ. ಅಚ್ಚಾಗದ ಕೆಲವು ಸಪ್ಪನೆಯ ಹಾಳೆಗಳೂ ಒರಳಿಗೆ ಹೋಗಿದ್ದವು, ಅದನ್ನು ನಾನು ಮುಚ್ಚಿಡುವುದಿಲ್ಲ. ಕುಕನೂರಿನ ನಾಲ್ಕಾರು ಬಾವಿಗಳು ಎಂದೆಂದಿಗೂ ಯಾರದೋ ಬುಟ್ಟಿಯ ತಿರುಳಾಗಿಯೇ ಇರುತ್ತವೆ. ಆದರೂ, ಅಕ್ಷರ ಬಾರದ ಕಣ್ಣು ಅಕ್ಷರದ ಚೆಲುವನ್ನಷ್ಟೇ ನೋಡಿ ಆರಿಸಿದ್ದು ಹೀಗಿತ್ತು!

ಇದನ್ನೆಲ್ಲ ದೊಡ್ಡವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. ನಾನು ಸುಳ್ಳು ಹೇಳಿ ಸಂತೈಸುತ್ತಿದ್ದೇನೆಂದು ಬಗೆದು, ಒರಳಿನ ಗೋಣಿತಟ್ಟನ್ನು ಇನ್ನಷ್ಟು ಬಿಗಿದಳು.

ಎಲ್ಲಕ್ಕಿಂತ ದೊಡ್ಡ ಬುಟ್ಟಿ ಯಲಬುರ್ಗಿಯಲ್ಲಿತ್ತು. ದೊಡ್ಡವ್ವ ಅದನ್ನು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಮಗಳ ಮನೆಗೆ ಕಳಿಸಿದ್ದಳು. ಮಗಳ ಅತ್ತೆ ಶಿವಗಂಗವ್ವ ಬಾಗಿಲಲ್ಲೇ ನನ್ನನ್ನು ಎದುರುಗೊಂಡಳು.

“ಬರ್ರಿ ಬರ್ರಿ! ಬಿ.ಎ. ಓದಿ ಬುಟ್ಟಿ ಬೇಡಾಕ ಹೊಂಟೀರಂತ, ಕೇಳೀನಿ. ಕೊಟ್ಟಿದ್ದು ತಿರುಗಿ ಕೇಳೂದು ನಿಮ್ಮ ಕೊಪ್ಪಳದ ರೂಢಿ ಏನ್ರಿ?”

“ಅದರ ಮ್ಯಾಲ ದೊಡ್ಡಪ್ಪ ಬರದಿದ್ದು ಐತ್ರಿ, ಅತ್ತಿ.”

“ಮ್ಯಾಲ ಏನೈತಿ ಅಂತ ನೀವು ಹೇಳತೀರಿ. ಒಳಗ ನನ್ನ ಅಲಸಂದಿ ಬೀಜ ಐತಿ, ಅದನ್ನ ಯಾರು ಹೇಳಬೇಕು? ಹುಳ ಹತ್ತಿದ್ರ ಮುಂದಿನ ವರ್ಷ ನಿಮ್ಮ ದೊಡ್ಡಪ್ಪನ ಬಾವಿ ಬಿತ್ತಲೇನು ನಾನು?”

ಗೆದ್ದ ಖುಷಿಯಲ್ಲಿ ಅವಳು ನನಗೊಂದು ಚಾಪೆ ಹಾಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ನಮ್ಮ ಬೀಗತಿ ಬುಟ್ಟಿ ಮಾಡೂದ ಬಿಟ್ಟಾಳಂತಲ್ಲ, ಖರೇನ?”

“ಹೌದ್ರಿ. ಕಾಗದ ಮುಟ್ಟೂದಿಲ್ಲಂತಾಳ.”

“ಹಂಗಾರ ಕೇಳ್ರಿ. ಹೊಸಾದು ಬಂದ ದಿನ ಹಳೇದು ಒಯ್ರಿ. ಪ್ಯಾಟ್ಯಾಂದು ತಂದು ಮುಂದಿಟ್ರ ಹಿತ್ತಲಿಗೆ ಒಗೀತೀನಿ. ಆಕಿ ಕೈಲೇ ಆಗಬೇಕು. ಬೀಗತಿಗೆ ಹೇಳ್ರಿ, ಕೈ ಸೋತಾವೇನಂತ ಯಲಬುರ್ಗ್ಯಾಗ ಕೇಳ್ಯಾರಂತ.”

ಕೊಪ್ಪಳಕ್ಕೆ ಬಂದು ಆ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ದೊಡ್ಡವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ತಿರುಗಿದಳು. “ಹಂಗಂದ್ಲಾ? ಕೈ ಸೋತಾವೇನಂದ್ಲಾ? ಆಕಿ ಮಾಡಿದ ಬುಟ್ಟ್ಯಾಗ ನೀರು ಬ್ಯಾಡ, ಗಾಳಿ ಸೈತ ನಿಲ್ಲೂದಿಲ್ಲ, ಆಕಿ ನನಗಂತಾಳ?” ಕೈ ತೊಳೆದಳು. ಗೋಣಿತಟ್ಟನ್ನು ಒಂದೇ ಎಳೆತಕ್ಕೆ ಕಿತ್ತಳು. ನಾನು ಸಂಗ್ರಹಿಸಿದ ರದ್ದಿಯನ್ನು ತಂದು ಮುಂದಿಟ್ಟಾಗ ಮಾತ್ರ ಅವಳ ಕೈ ತಡೆಯಿತು. “ಮೊದಲ ಓದು ತಂಗಿ” ಎಂದಳು. “ಎರಡೂ ಮಗ್ಗಲಾ ಓದು. ಒಂದೂ ಬಿಡಬ್ಯಾಡ.”

ಓದಿದೆ. ಕಿರಾಣಿ ಪಟ್ಟಿ, ಮಿಡತೆಗಳ ಬಗ್ಗೆ ಎಚ್ಚರಿಕೆ, ಕೂದಲೆಣ್ಣೆಯ ಜಾಹೀರಾತು, ಯಾರದೋ ಲಗ್ನಪತ್ರಿಕೆ. ನಿಜಾಮರ ಇಡೀ ರಾಜ್ಯದಲ್ಲಿ ಒರಳಿಗೆ ಬೀಳುವ ಮೊದಲು ಎರಡೂ ಮಗ್ಗುಲು ವಿಚಾರಣೆಯಾದ ರದ್ದಿ ಅದೊಂದೇ ಇರಬೇಕು. ದೊಡ್ಡವ್ವ ನ್ಯಾಯಾಧೀಶರಂತೆ ಕುಳಿತು ಒಂದೊಂದಕ್ಕೂ ತೀರ್ಪು ಕೊಟ್ಟಳು: “ಕುಟ್ಟು. ಕುಟ್ಟು. ಲಗ್ನದ್ದು ಬ್ಯಾಡ, ತಗದಿಡು. ಎಣ್ಣೀದು ಕುಟ್ಟು, ಸುಳ್ಳ ಹೇಳ್ಯಾನ.” ಅವಳ ದನಿಯಲ್ಲಿ ಹಳೆಯ ಜೋರು ಮರಳುತ್ತಿತ್ತು. ಅಂಗಳದಲ್ಲಿ ಮೆಂತ್ಯದ ವಾಸನೆ ಎದ್ದಿತು.

ಹೊಸ ಬುಟ್ಟಿಯನ್ನು ಶಿವಗಂಗವ್ವ ತಿರುವಿ ತಿರುವಿ ನೋಡಿ, ಬೆರಳಿನಿಂದ ಬಡಿದು ಸದ್ದು ಕೇಳಿ, “ಇನ್ನೂ ನಾಕು ಮೊಮ್ಮಕ್ಕಳಿಗೆ ಸಾಕಾಗೂವಷ್ಟು ಶಕ್ತಿ ಐತಿ ಬಿಡ್ರಿ ಆಕಿಗೆ” ಎಂದಳು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಬೀಗರ ನಡುವೆ ಸಲ್ಲದು. ಹಳೆಯದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಊರಿಗೆ ಬಂದೆ. ಅದರ ಸುತ್ತ ಇದ್ದದ್ದು ಒಂದೇ ಬಾವಿಯ ಕಥೆ, ಯಲಬುರ್ಗಿಯ ದಾರಿಯ ಒಂದು ಸಣ್ಣ ಊರಿನದು. ಪತ್ರಿಕೆಯಲ್ಲಿ ಅಚ್ಚಾದದ್ದು ಬಾವಿಯನ್ನು ದೇಸಾಯರು ತೋಡಿಸಿದರು ಎಂದು. ಇಲ್ಲಿ ಆ ಸಾಲನ್ನು ಹೊಡೆದು, ದೇಸಾಯರು ಜಾಗ ಕೊಟ್ಟರು, ತೋಡಿದವರು ವಡ್ಡರು, ಎಂದಿತ್ತು. ಗೆರೆ ಬಳ್ಳಿಯಂತೆ ಮುಂದಿನ ಹಾಳೆಗೆ ಹರಿದು, ಬೇರೆ ಮಸಿಯಲ್ಲಿ: ಮಣ್ಣು ಹೊತ್ತವರಲ್ಲಿ ತುಂಬು ಬಸುರಿಯೊಬ್ಬಳು ಇದ್ದಳಂತೆ, ನೀರು ಬಂದ ದಿನವೇ ಹೆತ್ತಳಂತೆ, ಹೆಸರು ಯಾರಿಗೂ ನೆನಪಿಲ್ಲ, ಮತ್ತೆ ಹೋಗಿ ಕೇಳಬೇಕು. ಬುಟ್ಟಿಯನ್ನು ಇನ್ನೂ ಸ್ವಲ್ಪ ತಿರುಗಿಸಿದರೆ ಪೆನ್ಸಿಲಿನಲ್ಲಿ: ಇಂದೂ ತಿಳಿಯಲಿಲ್ಲ. ಮತ್ತೂ ತಿರುಗಿಸಿದರೆ, ಅಂಚಿನ ಬಳಿ, ದಪ್ಪ ಅಕ್ಷರದಲ್ಲಿ ಒಂದೇ ಪದ. ಹನುಮವ್ವ.

ದೊಡ್ಡವ್ವನನ್ನು ಎದುರಿಗೆ ಕೂಡಿಸಿಕೊಂಡು, ಬುಟ್ಟಿಯನ್ನು ತಿರುಗಿಸುತ್ತ, ಹೊಡೆದದ್ದು ಹೊಡೆಯದ್ದು ಎಲ್ಲವನ್ನೂ ಓದಿದೆ. ಅವಳು ಆ ಕೊನೆಯ ಪದದ ಮೇಲೆ ಬೆರಳಿಟ್ಟಳು.

“ಈ ಒಂದು ಹೆಸರಿಗೆ ಮತ್ತ ಮತ್ತ ಹ್ವಾದ್ರೇನು? ನಾ ಬೈದಿದ್ದೆ. ಮದ್ಯಾನ ಬಿಸಲಾಗ ಅದ ಊರಿಗೆ ಏನ ಇಟ್ಟು ಬಂದೀರಿ ಅಂತ. ನಕ್ಕಿದ್ರು, ಹೇಳಿದ್ದಿಲ್ಲ.” ಬೆರಳು ತೆಗೆಯದೆ, “ಇದು ಪ್ಯಾಪರದಾಗ ಇಲ್ಲೇನು?” ಎಂದಳು.

“ಇಲ್ಲ ದೊಡ್ಡವ್ವ. ನೀ ಹಚ್ಚಿದಲ್ಲೆ ಅಷ್ಟ ಐತಿ.”

ಈ ಸಲ ಅವಳು ನಂಬಿದಳು. ನಂಬಿದ್ದು ನನ್ನ ಮಾತನ್ನಲ್ಲ, ಅವರ ಅಲೆದಾಟವನ್ನು. ಅಂದು ಸಂಜೆ ಪಡಸಾಲೆಗೆ ಬಂದು, ಗೋಡೆಯುದ್ದಕ್ಕೂ ಸಾಲಾಗಿಟ್ಟ ಬುಟ್ಟಿಗಳ ನಡುವೆ ತನ್ನ ಹಳೆಯ ಜಾಗದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡಳು.

ಭಂಡಾರದ ಮೇಲ್ವಿಚಾರಕರಾದ ರಾಯರು ಧಾರವಾಡದಿಂದ ರೈಲಿನಲ್ಲಿ ಬಂದರು. ಒಳ್ಳೆಯವರು, ಕನ್ನಡಕದ ಹಿಂದೆ ಪ್ರಾಮಾಣಿಕವಾದ ಕಣ್ಣುಗಳು. ನನ್ನ ನಕಲಿನ ವಹಿಗಳನ್ನು ನೋಡಿ ಮೆಚ್ಚಿದರು. ಬುಟ್ಟಿಗಳನ್ನು ನೋಡಿ ತಬ್ಬಿಬ್ಬಾದರು. ಪುಸ್ತಕಕ್ಕೆ ಕಪಾಟಿದೆ, ತಾಳೆಗರಿಗೆ ಪೆಟ್ಟಿಗೆಯಿದೆ, ಇವನ್ನು ಎಲ್ಲಿಡುವುದು? ಕೊನೆಗೆ ಚೀಲದಿಂದ ಸಣ್ಣ ಚೂರಿ ತೆಗೆದು, ಯಲಬುರ್ಗಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಇಲ್ಲೊಂದು ಸೀಳು ಕೊಟ್ಟು ಚಪ್ಪಟೆ ಮಾಡಿದ್ರ ಹಾಳೆಗಳನ್ನ ಬಿಡಿಸಿ ರಟ್ಟಿನಾಗ ಇಡಬಹುದು, ನೋಡ್ರಿ.”

“ಚೂರಿ ಒಳಗಿಡ್ರಿ ರಾಯರ.” ಕಂಬದ ಹತ್ತಿರದಿಂದ ದೊಡ್ಡವ್ವನ ದನಿ ಬಂತು. ಹೊರಗಿನ ಗಂಡಸಿನ ಎದುರು ಅವಳು ಹಾಗೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ಅವರು ಆ ಬಾವಿ ಸುತ್ತ ತಿರುಗಿ ತಿರುಗಿ ಬರದಾರ. ಓದವ್ರೂ ಸುತ್ತ ತಿರುಗಿ ಓದಲಿ. ಹಂಗ ಇಡತೀನಂದ್ರ ಒಯ್ರಿ, ಇಲ್ಲಾಂದ್ರ ನನ್ನ ಕಡ್ಲಿ ತುಂಬತೀನಿ.”

ರಾಯರು ನನ್ನ ಮುಖ ನೋಡಿದರು. ಅವರು ಚೂರಿ ಮಡಚಿದರು. ಬುಟ್ಟಿಯನ್ನು ಪಡಸಾಲೆಯ ನಡುವೆ ಬೋರಲು ಹಾಕಿ, ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ, ನೆಲಕ್ಕೆ ಬಾಗಿ, ದೇಸಾಯರ ಸಾಲಿನಿಂದ ಶುರುಮಾಡಿ, ಒಂದೊಂದೇ ಹೆಜ್ಜೆ ಸರಿಯುತ್ತ, ಬಳ್ಳಿಯ ಹಿಂದೆ ಹೋದರು. ಒಂದು ಸುತ್ತು ಮುಗಿಯುವಾಗ ಅವರ ತುಟಿ ಹನುಮವ್ವನ ಹೆಸರನ್ನು ಆಡಿತು. ತಲೆಯೆತ್ತದೆ ಎರಡನೆಯ ಸುತ್ತು ಹಿಡಿದರು.

ದೊಡ್ಡವ್ವ ಸೆರಗು ಸರಿಪಡಿಸಿಕೊಂಡು ಗೋಡೆಯ ಕಡೆ ಕೈ ತೋರಿಸಿದಳು. “ಸಾವಕಾಶ ಓದ್ರಿ ರಾಯರ. ಇನ್ನೂ ಭಾಳ ಅದಾವ.”